“ತಪಾಸಣೆ ವೇಳೆ ದುರ್ವಾಸನೆ ಕಂಡುಬಂದಿಲ್ಲ”: ಮಾಲಿನ್ಯ ಅಳೆಯುವವರಿಗೊಂದು ಬಹಿರಂಗ ಪತ್ರ

ಮಾಲಿನ್ಯ ನಿಯಂತ್ರಣದ ಹೊಣೆ ಹೊತ್ತ ಅಧಿಕಾರಿಗಳಿಗೆ ನಮಸ್ಕಾರ.

ಪಕ್ಕದ ಕಾರ್ಖಾನೆಯ ದುರ್ವಾಸನೆಯ ಬಗ್ಗೆ ನಾವು ಕೊಟ್ಟ ದೂರಿಗೆ ನಿಮ್ಮ ಕಚೇರಿಯಿಂದ ಬಂದ ಉತ್ತರ ನನ್ನ ಮೇಜಿನ ಮೇಲಿದೆ. ಒಂದೂವರೆ ಪುಟದ ಉತ್ತರ. ಅದರಲ್ಲಿ ಕೆಲಸಕ್ಕೆ ಬರುವ ಸಾಲು ಒಂದೇ: “ಸ್ಥಳ ತಪಾಸಣೆಯ ವೇಳೆ ಯಾವುದೇ ದುರ್ವಾಸನೆ ಕಂಡುಬಂದಿರುವುದಿಲ್ಲ.” ಓದಿ ಮೊದಲು ನಗು ಬಂತು. ವಾಸನೆ ಕಂಡುಬರುವ ವಸ್ತುವೇ ಅಲ್ಲ. ಅದು ಬರುತ್ತದೆ, ಮುಖಕ್ಕೆ ಹೊಡೆಯುತ್ತದೆ, ಹೋಗುತ್ತದೆ. ಆಮೇಲೆ ಸಿಟ್ಟು ಬಂತು. ಈಗ ಎರಡೂ ಇಳಿದಿವೆ, ಹಾಗಾಗಿ ಬರೆಯಲು ಕೂತಿದ್ದೇನೆ. ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಯಾಕೆಂದರೆ ಈ ಸಾಲು ಸಿಕ್ಕಿರುವುದು ನನಗೊಬ್ಬನಿಗೇ ಅಲ್ಲ. ಕಾರ್ಖಾನೆಯ ಪಕ್ಕ ಬದುಕುವ ಯಾರನ್ನು ಕೇಳಿದರೂ ಹೆಚ್ಚುಕಮ್ಮಿ ಇದೇ ಸಾಲಿರುವ ಕಾಗದ ತೋರಿಸುತ್ತಾರೆ.

ತಪಾಸಣೆಗೆ ಬಂದವರ ಮೇಲೆ ನನಗೆ ಕೋಪವಿಲ್ಲ. ಅವರು ಸುಳ್ಳು ಬರೆದಿದ್ದಾರೆ ಅಂತಲೂ ನಾನು ಹೇಳುತ್ತಿಲ್ಲ. ಬೆಳಿಗ್ಗೆ ಹನ್ನೊಂದೂವರೆಗೆ ಬಂದರು. ಬಿಸಿಲು ಚುರುಗುಟ್ಟುತ್ತಿತ್ತು. ಗಾಳಿ ನಮ್ಮ ಮನೆಗಳ ಕಡೆಯಿಂದ ಕಾರ್ಖಾನೆಯ ಕಡೆಗೆ ಬೀಸುತ್ತಿತ್ತು. ಗೇಟಿನ ಮುಂದೆ ಒಂದು ಕಾಲು ಗಂಟೆ ನಿಂತರು. ಜೇಬಿನಿಂದ ಹಳದಿ ಬಣ್ಣದ ಪುಟ್ಟ ಮೀಟರ್ ತೆಗೆದು ಹಿಡಿದರು. ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ನಾತದ ಅನಿಲ, 0.0 ಅಂತ ತೋರಿಸಿತು. ನನಗೂ ತೋರಿಸಿದರು. ತಾವೇ ಎರಡು ಸಲ ಮೂಗೆಳೆದು ನೋಡಿದರು. ಏನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಏನೂ ಬರುತ್ತಿರಲಿಲ್ಲ.

ಮೀಟರ್ ಕೂಡ ಸುಳ್ಳು ಹೇಳಲಿಲ್ಲ. ಆದರೆ ಅದನ್ನು ಮಾಡಿರುವುದೇ ಬೇರೆ ಕೆಲಸಕ್ಕೆ. ಮ್ಯಾನ್‌ಹೋಲಿಗೆ, ಟ್ಯಾಂಕಿಗೆ ಇಳಿಯುವ ಕಾರ್ಮಿಕನ ಜೀವ ಉಳಿಸೋಕೆ ಇರುವ ಮೀಟರ್ ಅದು. ಅಂಥವು ಸಾಮಾನ್ಯವಾಗಿ 0.1 ಪಿಪಿಎಂ ಅಥವಾ 1 ಪಿಪಿಎಂ ಲೆಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓದುತ್ತವೆ. ಒಂದು ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಮನುಷ್ಯನ ಮೂಗು ಈ ಅನಿಲವನ್ನು ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದಾಗಲೇ ಹಿಡಿದುಬಿಡುತ್ತದೆ. ಅಂದರೆ ಮೀಟರಿನ ಮೊದಲ ಮೆಟ್ಟಿಲಿಗಿಂತ ಎಷ್ಟೋ ಪಟ್ಟು ಕೆಳಗೆ. ಮೀಟರ್ ಸೊನ್ನೆ ತೋರಿಸುತ್ತಿರುವಾಗಲೇ ಮನೆಯೊಳಗೆ ಮಗು ವಾಂತಿ ಮಾಡಿಕೊಳ್ಳಬಹುದು. ಎರಡೂ ಒಟ್ಟಿಗೆ ನಿಜ ಆಗಿರಬಹುದು.

“ಅದು ಬರೀ ವಾಸನೆ ರೀ, ವಿಷ ಅಲ್ಲ” ಅನ್ನೋ ಮಾತನ್ನೂ ಕೇಳಿದ್ದೇವೆ. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ ಮಾಡಿದ ಮಾರ್ಗಸೂಚಿಯಲ್ಲೇ ಉತ್ತರ ಇದೆ. ಹೈಡ್ರೋಜನ್ ಸಲ್ಫೈಡಿಗೆ ಅಲ್ಲಿ ಎರಡು ಬೇರೆ ಬೇರೆ ಮಿತಿ ಇಟ್ಟಿದ್ದಾರೆ. ಆರೋಗ್ಯದ ಮಿತಿ ಘನ ಮೀಟರಿಗೆ 150 ಮೈಕ್ರೋಗ್ರಾಂ, 24 ಗಂಟೆಯ ಸರಾಸರಿ. ವಾಸನೆಯ ಕಿರಿಕಿರಿಯ ಮಿತಿ 7 ಮೈಕ್ರೋಗ್ರಾಂ, ಅದೂ ಬರೀ ಅರ್ಧ ಗಂಟೆಯ ಸರಾಸರಿ. ಪ್ರಮಾಣದಲ್ಲಿ ಇಪ್ಪತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಹೊತ್ತಿನ ಅಳತೆಯೂ ಬೇರೆ. ಒಂದನ್ನು ದಾಟಿಲ್ಲ ಅಂತ ಇನ್ನೊಂದನ್ನು ತಳ್ಳಿಹಾಕೋಕಾಗಲ್ಲ.

ಉಲ್ಟಾ ಕೂಡ ನಿಜ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಇದೇ ಅನಿಲ ಸುಮಾರು 100 ಪಿಪಿಎಂ ಮುಟ್ಟಿದರೆ ಮೂಗು ಸತ್ತು ಹೋಗುತ್ತದೆ. ವಾಸನೆ ನಿಂತಿತು ಅಂತ ಅಂದುಕೊಂಡವನು ಅಲ್ಲೇ ಕುಸಿಯಬಹುದು. ಕಾರ್ಬನ್ ಮಾನಾಕ್ಸೈಡಿಗಂತೂ ವಾಸನೆಯೇ ಇಲ್ಲ. ಹಾಗಾಗಿ ನಿಮ್ಮ ಯಂತ್ರಗಳನ್ನು ಬಿಸಾಕಿ ಮೂಗನ್ನು ನಂಬಿ ಅಂತ ನಾನು ಕೇಳುತ್ತಿಲ್ಲ. ವಾಸನೆಯ ವಿಷಯಕ್ಕೆ ಬಂದಾಗ ಮೂಗನ್ನೂ ಒಂದು ಯಂತ್ರ ಅಂತ ಲೆಕ್ಕಕ್ಕೆ ಹಿಡಿಯಿರಿ ಅಂತ ಕೇಳುತ್ತಿದ್ದೇನೆ.

ಈಗ ಹೊತ್ತಿನ ವಿಷಯಕ್ಕೆ ಬರುತ್ತೇನೆ. ಇಡೀ ಜಗಳ ಇರುವುದು ಇಲ್ಲೇ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದೊಡ್ಡ ವಿಜ್ಞಾನ ಏನಿಲ್ಲ. ಮಹಡಿಯ ಮೇಲಿನ ಕಬ್ಬಿಣದ ಕಂಬಿಗೆ ಹಳೇ ಕ್ಯಾಸೆಟ್ಟಿನ ಟೇಪಿನ ಒಂದು ತುಂಡು ಕಟ್ಟಿದ್ದೇನೆ. ಅದು ಯಾವ ಕಡೆ ಹಾರುತ್ತದೆ ನೋಡಿ ಗಾಳಿಯ ದಿಕ್ಕು ಬರೆಯುತ್ತೇನೆ. ಗಂಟೆ, ದಿಕ್ಕು, ಎಂಥ ವಾಸನೆ, ಎಷ್ಟು ಜೋರು, ಎಷ್ಟು ನಿಮಿಷ. ಇಷ್ಟೇ. ಕೆಲವು ತಿಂಗಳು ಬರೆದ ಮೇಲೆ ಪುಟ ತಿರುವಿದರೆ ಒಂದು ವಿಷಯ ತಾನಾಗೇ ಕಣ್ಣಿಗೆ ಬಿತ್ತು. ಹೆಚ್ಚಿನ ಸಾಲುಗಳು ರಾತ್ರಿ ಹತ್ತರ ಮೇಲೆ ಮತ್ತು ಬೆಳಗಿನ ಏಳರ ಒಳಗೆ. ಮೋಡ ಇಲ್ಲದ, ಎಲೆ ಅಲುಗದ ರಾತ್ರಿಗಳಲ್ಲಿ. ಹನ್ನೊಂದೂವರೆ ಗಂಟೆಯ ಸಾಲು ಹುಡುಕಿದರೂ ಸಿಗುವುದು ಕಷ್ಟ.

ರಾತ್ರಿ ಕಳ್ಳತನದಲ್ಲಿ ಏನೋ ಬಿಡ್ತಾರೆ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಇರಬಹುದು, ಇಲ್ಲದೆಯೂ ಇರಬಹುದು. ಕಳ್ಳತನ ಇಲ್ಲದೆಯೂ ಇದು ಹೀಗೇ ಆಗುತ್ತದೆ. ಹಗಲು ಬಿಸಿಲಿಗೆ ನೆಲ ಕಾಯುತ್ತದೆ, ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಎಲ್ಲವನ್ನೂ ಕಲಕಿ ತೆಳುಮಾಡುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಕೆಳಗೆ, ಸ್ವಲ್ಪ ಬೆಚ್ಚನೆ ಗಾಳಿ ಮೇಲೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಇದಕ್ಕೆ ಇನ್‌ವರ್ಷನ್ ಅನ್ನುತ್ತಾರೆ, ನಿಮಗೆ ಗೊತ್ತೇ ಇದೆ. ಎತ್ತರದ ಚಿಮಣಿಯ ಹೊಗೆ ಒಮ್ಮೊಮ್ಮೆ ಈ ಮುಚ್ಚಳದ ಮೇಲೇ ಹಾದು ಹೋಗಬಹುದು. ಆದರೆ ವಾಸನೆ ಬಹಳ ಸಲ ಚಿಮಣಿಯಿಂದ ಬರುವುದೇ ಇಲ್ಲ. ತೆರೆದ ಕೊಳಚೆ ತೊಟ್ಟಿಯಿಂದ, ಕೆಸರು ಒಣಗಿಸುವ ಜಾಗದಿಂದ, ಮುಚ್ಚದ ಶೆಡ್ ಬಾಗಿಲಿನಿಂದ, ಸೋರುವ ಲಾರಿಯಿಂದ ಬರುತ್ತದೆ. ಎಲ್ಲವೂ ನೆಲಮಟ್ಟದವು. ಮುಚ್ಚಳದ ಕೆಳಗೇ ಸಿಕ್ಕಿಕೊಂಡು, ಕಲಕುವವರಿಲ್ಲದೆ, ತೆವಳಿಕೊಂಡು ನಮ್ಮ ಕಿಟಕಿಗೆ ಬರುತ್ತವೆ. ತೊಟ್ಟಿಯಿಂದ ಏಳುವ ಪ್ರಮಾಣ ಹಗಲೂ ರಾತ್ರಿ ಒಂದೇ ಇದ್ದರೂ ನಮ್ಮ ಮೂಗಿಗೆ ಬೀಳುವುದು ಒಂದೇ ಇರುವುದಿಲ್ಲ.

ಹಾಗಾದರೆ ಕಚೇರಿ ವೇಳೆಯಲ್ಲಿ ತಪಾಸಣೆ ಮಾಡಿದರೆ ಏನು ಸಿಗುತ್ತದೆ? ವಾಸನೆ ಇಲ್ಲದ ಹೊತ್ತನ್ನು ಹುಡುಕಿಕೊಂಡು ಹೋದ ಹಾಗಾಗುತ್ತದೆ, ಅಲ್ವಾ?

ಇದಕ್ಕೆ ಪರಿಹಾರ ಅಂತ ಗೇಟಿನ ಬಳಿ ಇಪ್ಪತ್ನಾಲ್ಕು ಗಂಟೆ ಓಡುವ ಯಂತ್ರ ಇಟ್ಟು, ದೊಡ್ಡ ಬೋರ್ಡಿನಲ್ಲಿ ಕೆಂಪಕ್ಷರದ ಅಂಕಿ ತೋರಿಸುವುದುಂಟು. ಒಳ್ಳೆಯದೇ. ಆದರೆ ಆ ಅಂಕಿ ಯಾವ ಸರಾಸರಿ ಅಂತ ಕೇಳಬೇಕು. ಒಂದು ಲೆಕ್ಕ ಹಾಕಿ ನೋಡೋಣ. ಒಂದು ವಾಸನೆ ಮೂಗಿಗೆ ಆಗಷ್ಟೇ ಗೊತ್ತಾಗುವ ಮಟ್ಟವನ್ನು 1 ಅಂದುಕೊಳ್ಳಿ. ರಾತ್ರಿ ಎರಡು ಗಂಟೆಗೆ 5 ನಿಮಿಷ ಅದರ 50 ಪಟ್ಟು ಬಂತು. ನಿದ್ದೆಯಿಂದ ಎದ್ದು ಕೂರುವಷ್ಟು ಜೋರು. ಉಳಿದ 55 ನಿಮಿಷ ಏನೂ ಇಲ್ಲ. ಆ ಗಂಟೆಯ ಸರಾಸರಿ 4 ಚಿಲ್ಲರೆ. ಇಡೀ ದಿನದ ಸರಾಸರಿ? 0.17. ಒಂದಕ್ಕಿಂತ ಕಡಿಮೆ. ಕಾಗದದ ಪ್ರಕಾರ ಆ ದಿನ ವಾಸನೆಯೇ ಬಂದಿಲ್ಲ! ಮನುಷ್ಯ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾನೆ. ನಾವು ದಿನದ ಸರಾಸರಿಯನ್ನು ಉಸಿರಾಡುವುದಿಲ್ಲ. ದೂಳಿಗೆ ದಿನದ ಸರಾಸರಿ ಸರಿ, ಅದು ಶ್ವಾಸಕೋಶದಲ್ಲಿ ಕೂಡುತ್ತಾ ಹೋಗುತ್ತದೆ. ವಾಸನೆಗೆ ಅದೇ ಗಜಕಡ್ಡಿ ಹಿಡಿದರೆ ಬೇಕಾದ ವಿಷಯವೇ ಅಳಿಸಿಹೋಗುತ್ತದೆ. ಒಂದೊಂದು ನಿಮಿಷದ ಕಚ್ಚಾ ಅಂಕಿಗಳನ್ನೇ ಹೊರಗೆ ಬಿಡಿ, ಪಕ್ಕದಲ್ಲಿ ಗಾಳಿಯ ದಿಕ್ಕೂ ವೇಗವೂ ಇರಲಿ. ಬೋರ್ಡಿನ ಕೆಂಪಕ್ಷರಕ್ಕಿಂತ ಅದು ಎಷ್ಟೋ ಮೇಲು.

ವಾಸನೆಯನ್ನು ಅಳೆಯೋಕಾಗಲ್ಲ, ಅದು ಅವರವರ ಮೂಗಿಗೆ ಬಿಟ್ಟದ್ದು ಅಂತ ನಿಮ್ಮಲ್ಲೇ ಕೆಲವರು ನಂಬಿರಬಹುದು. ಆಗುತ್ತದೆ ಸ್ವಾಮಿ. ಜಗತ್ತು ಈ ಕೆಲಸ ಶುರುಮಾಡಿ ಐವತ್ತು ವರ್ಷ ದಾಟಿದೆ.

ಜಪಾನ್ 1971ರಲ್ಲೇ ದುರ್ವಾಸನೆಗೆಂದು ಪ್ರತ್ಯೇಕ ಕಾನೂನು ಮಾಡಿತು. ಮೊದಲು ಅವರೂ ರಾಸಾಯನಿಕಗಳ ಪಟ್ಟಿ ಹಿಡಿದೇ ಹೊರಟರು. ಆ ಪಟ್ಟಿ ಬೆಳೆಯುತ್ತಾ 22ಕ್ಕೆ ಬಂತು. ಆದರೂ ಪಟ್ಟಿಯಲ್ಲಿರುವ ಎಲ್ಲವೂ ಮಿತಿಯೊಳಗೇ ಇದ್ದು ಜನ ಮಾತ್ರ ಮೂಗು ಮುಚ್ಚಿಕೊಂಡು ಓಡಾಡುವ ಪರಿಸ್ಥಿತಿ ತಪ್ಪಲಿಲ್ಲ. ಕಾರಣ ಸರಳ. ಕಾರ್ಖಾನೆಯ ವಾಸನೆ ಒಂದೇ ಅನಿಲದ್ದಲ್ಲ, ಹತ್ತಾರು, ಕೆಲವೊಮ್ಮೆ ನೂರಾರು ಅನಿಲಗಳ ಬೆರಕೆ. ನಮ್ಮ ಮೂಗಿನಲ್ಲಿ ವಾಸನೆಯ ಕಣಗಳನ್ನು ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ (ಇಂಗ್ಲಿಷಿನಲ್ಲಿ ರಿಸೆಪ್ಟರ್). ಒಂದು ಅನಿಲ ಹಲವು ಗ್ರಾಹಕಗಳನ್ನು ಮುಟ್ಟುತ್ತದೆ, ಒಂದು ಗ್ರಾಹಕವನ್ನು ಹಲವು ಅನಿಲಗಳು ಮುಟ್ಟುತ್ತವೆ. ಈ ಗ್ರಾಹಕಗಳ ಜೀನ್‌ಗಳನ್ನು ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಹಾಗಾಗಿ ಒಂದೊಂದೇ ಅನಿಲ ಅಳೆದು ಕೂಡಿಸಿದರೆ ಒಟ್ಟು ವಾಸನೆ ಸಿಗುವುದಿಲ್ಲ. ಜಪಾನಿನವರು 1995ರಲ್ಲಿ ಕಾನೂನು ತಿದ್ದಿ ಮೂಗಿನ ಪರೀಕ್ಷೆಯನ್ನೇ ಒಳಗೆ ತಂದರು. ಮೂರು ಚೀಲ ಕೊಡುತ್ತಾರೆ. ಎರಡರಲ್ಲಿ ಶುದ್ಧ ಗಾಳಿ, ಒಂದರಲ್ಲಿ ತೆಳುಮಾಡಿದ ವಾಸನೆ. ಯಾವುದರಲ್ಲಿದೆ ಹೇಳು ಅನ್ನುತ್ತಾರೆ. ತೆಳು ಮಾಡುತ್ತಾ ಹೋದಂತೆ ಒಬ್ಬೊಬ್ಬರಿಗೂ ಒಂದೊಂದು ಹಂತದಲ್ಲಿ ಗೊತ್ತಾಗುವುದು ನಿಲ್ಲುತ್ತದೆ. ಆ ಹಂತಗಳ ಸರಾಸರಿಯಿಂದಲೇ ಅಳತೆ. ಈ ಪರೀಕ್ಷೆ ನಡೆಸುವವರಿಗೆ ಸರ್ಕಾರದ ಅರ್ಹತಾಪತ್ರ ಬೇಕು.

ಯುರೋಪಿನಲ್ಲಿ ವಾಸನೆ ಅಳೆಯಲು ಇಎನ್ 13725 ಅನ್ನುವ ಮಾನದಂಡ ಇದೆ. 2003ರಲ್ಲಿ ಬಂತು, 2022ರಲ್ಲಿ ಪರಿಷ್ಕರಣೆ ಆಯಿತು. ಅದರ ಕೆಲಸದ ರೀತಿ ನನಗೆ ತುಂಬಾ ಇಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಾಸನೆ ಇಲ್ಲದ ಪ್ಲಾಸ್ಟಿಕ್ಕಿನ ಖಾಲಿ ಚೀಲವನ್ನು ಒಂದು ಗಟ್ಟಿ ಡಬ್ಬಿಯೊಳಗೆ ಇಡುತ್ತಾರೆ. ಚೀಲದ ಬಾಯಿಯ ಕೊಳವೆ ತೊಟ್ಟಿಯ ಮೇಲೋ ಚಿಮಣಿಯ ಒಳಗೋ ಇರುತ್ತದೆ. ಆಮೇಲೆ ಪಂಪಿನಿಂದ ಡಬ್ಬಿಯ ಗಾಳಿಯನ್ನು ಎಳೆಯುತ್ತಾರೆ. ಚೀಲ ತಾನಾಗೇ ಉಬ್ಬುತ್ತದೆ, ನಮ್ಮ ಶ್ವಾಸಕೋಶದ ಹಾಗೆ. ವಾಸನೆ ಪಂಪನ್ನು ಮುಟ್ಟುವುದೇ ಇಲ್ಲ, ಪಂಪಿನ ಎಣ್ಣೆ ವಾಸನೆ ಚೀಲಕ್ಕೆ ಸೇರುವುದೂ ಇಲ್ಲ. ಚೀಲವನ್ನು ಸುಮ್ನೆ ಇಟ್ಟುಕೊಂಡು ಕೂರುವ ಹಾಗಿಲ್ಲ. 2003ರ ಮಾನದಂಡದ ಪ್ರಕಾರ 30 ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು.

ಪ್ರಯೋಗಾಲಯದಲ್ಲಿ ಕನಿಷ್ಠ ನಾಲ್ಕು ಜನ ಮೂಗುದಾರರು ಕೂರುತ್ತಾರೆ. (ಈ ಹೆಸರು ನಾನೇ ಇಟ್ಟಿದ್ದು, ಕ್ಷಮಿಸಿ.) ಅರ್ಧ ಗಂಟೆ ಮೊದಲಿನಿಂದ ಏನೂ ತಿನ್ನುವ, ಸಿಗರೇಟು ಸೇದುವ ಹಾಗಿಲ್ಲ, ಸೆಂಟು ಹಾಕಿಕೊಂಡು ಬರುವ ಹಾಗಿಲ್ಲ. ಇವರನ್ನು ಆರಿಸುವುದೇ ಒಂದು ಪರೀಕ್ಷೆ. ಎನ್-ಬ್ಯೂಟನಾಲ್ ಅನ್ನುವ ರಾಸಾಯನಿಕವನ್ನು ನೂರು ಕೋಟಿಯಲ್ಲಿ 20ರಿಂದ 80 ಪಾಲಿನ ನಡುವೆ ಗುರುತು ಹಿಡಿಯುವವರು ಮಾತ್ರ ಪಾಸ್. ಇದರಲ್ಲಿ ನನಗೆ ಹಿಡಿಸಿದ ಮಾತು ಏನೆಂದರೆ, ತೀರಾ ಚುರುಕು ಮೂಗಿನವರೂ ಫೇಲ್. ಮೊಂಡು ಮೂಗೂ ಬೇಡ, ನಾಯಿ ಮೂಗೂ ಬೇಡ. ಸಾಧಾರಣ ಮೂಗೇ ಬೇಕು. ಎಲ್ಲರ ಮುಂದೂ ಒಂದು ಕೊಳವೆ. ಮೊದಲು ತುಂಬಾ ತೆಳುಮಾಡಿದ ಗಾಳಿ, ಆಮೇಲೆ ಹಂತ ಹಂತವಾಗಿ ದಟ್ಟ. ಬಂತು ಅನ್ನಿಸಿದಾಗ ಗುಂಡಿ ಒತ್ತಬೇಕು. ಅರ್ಧದಷ್ಟು ಜನಕ್ಕೆ ಗೊತ್ತಾಗುವ ಹಂತ ಒಂದು ಓಡರ್ ಯೂನಿಟ್. ಸಾವಿರ ಪಟ್ಟು ತೆಳು ಮಾಡಿದಾಗ ಆ ಹಂತ ಬಂದರೆ ಮೂಲ ಗಾಳಿಯಲ್ಲಿ ಘನ ಮೀಟರಿಗೆ 1000 ಯೂನಿಟ್ ವಾಸನೆ ಇತ್ತು ಅಂತ ಅರ್ಥ. ಈ ಯೂನಿಟ್ಟಿಗೂ ಗಟ್ಟಿ ಗೂಟ ಇದೆ: ಒಂದು ಘನ ಮೀಟರ್ ಗಾಳಿಯಲ್ಲಿ 123 ಮೈಕ್ರೋಗ್ರಾಂ ಎನ್-ಬ್ಯೂಟನಾಲ್ ಇದ್ದರೆ ಬರುವಷ್ಟು ವಾಸನೆಯೇ ಒಂದು ಯೂನಿಟ್. ಇನ್ನು “ಅವರವರ ಮೂಗಿಗೆ ಬಿಟ್ಟದ್ದು” ಅನ್ನುವ ಹಾಗಿಲ್ಲ.

ಇದರ ದೌರ್ಬಲ್ಯವನ್ನೂ ಹೇಳಬೇಕು, ಇಲ್ಲದಿದ್ದರೆ ಕಾರ್ಖಾನೆಯ ವಕೀಲರು ಹೇಳುತ್ತಾರೆ. ಒಂದೇ ಪ್ರಯೋಗಾಲಯದಲ್ಲಿ ಒಂದೇ ಚೀಲವನ್ನು ಎರಡು ಸಲ ಅಳೆದರೆ ಉತ್ತರಗಳ ನಡುವೆ ಮೂರು ಪಟ್ಟಿನವರೆಗೂ ವ್ಯತ್ಯಾಸವನ್ನು ಮಾನದಂಡವೇ ಒಪ್ಪುತ್ತದೆ. ದೊಡ್ಡದು ಅನ್ನಿಸುತ್ತದೆ. ಆದರೆ ಮೂಗಿನ ಲೆಕ್ಕವೇ ಹಾಗೆ, ಅದು ಕೂಡಿ ಕಳೆಯುವ ಲೆಕ್ಕದಲ್ಲಲ್ಲ, ಇಷ್ಟು ಪಟ್ಟು ಅನ್ನುವ ಲೆಕ್ಕದಲ್ಲಿ ಓಡುತ್ತದೆ. ವಾಸನೆಯ ದ್ರವ್ಯ ಅರ್ಧಕ್ಕೆ ಇಳಿದರೂ ನಮಗೆ ಅರ್ಧ ಇಳಿದ ಹಾಗೆ ಅನ್ನಿಸುವುದಿಲ್ಲ. ಹಾಗಾಗಿ “ಹೊಸ ಫಿಲ್ಟರ್ ಹಾಕಿ 50 ಪ್ರತಿಶತ ಕಡಿಮೆ ಮಾಡಿದ್ದೇವೆ” ಅಂತ ಕಾರ್ಖಾನೆ ಹೇಳಿದಾಗಲೂ, “ನಮಗೇನೂ ವ್ಯತ್ಯಾಸ ಕಾಣ್ತಿಲ್ಲ” ಅಂತ ನಾವು ಹೇಳಿದಾಗಲೂ ಇಬ್ಬರೂ ನಿಜ ಹೇಳುತ್ತಿರಬಹುದು. ಇದು ಗೊತ್ತಿಲ್ಲದೆ ಎಷ್ಟು ಸಭೆಗಳು ಕೂಗಾಟದಲ್ಲಿ ಮುಗಿದಿವೆಯೋ.

ಚೀಲದ ಪರೀಕ್ಷೆ ಹೇಳುವುದು ತೊಟ್ಟಿಯಲ್ಲಿ ಎಷ್ಟಿದೆ ಅಂತ. ನಮ್ಮ ಕಿಟಕಿಯಲ್ಲಿ ಎಷ್ಟು ಅಂತ ತಿಳಿಯಲು ಜರ್ಮನಿಯವರ ದಾರಿ ಇನ್ನೂ ನೇರ. ತರಬೇತಿ ಪಡೆದ ಒಬ್ಬರು ಗೊತ್ತುಪಡಿಸಿದ ಜಾಗದಲ್ಲಿ ಹತ್ತು ನಿಮಿಷ ನಿಲ್ಲುತ್ತಾರೆ. ಹತ್ತು ಸೆಕೆಂಡಿಗೊಮ್ಮೆ ಮೂಗೆಳೆದು ವಾಸನೆ ಇದೆಯೋ ಇಲ್ಲವೋ ಗುರುತು ಹಾಕುತ್ತಾರೆ. ಒಟ್ಟು 60 ಸಲ. ಅದರಲ್ಲಿ 6 ಸಲ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ಒಂದು “ವಾಸನೆ ಗಂಟೆ”. ಆರು ತಿಂಗಳೋ ಒಂದು ವರ್ಷವೋ ಹೀಗೆ, ಹಗಲು ರಾತ್ರಿ, ಬೇರೆ ಬೇರೆ ವಾರ, ಬೇರೆ ಬೇರೆ ಹವೆಯಲ್ಲಿ. ಮನೆಗಳಿರುವ ಜಾಗದಲ್ಲಿ ವರ್ಷದ 10 ಪ್ರತಿಶತ ಗಂಟೆ ದಾಟಬಾರದು, ಕೈಗಾರಿಕಾ ಜಾಗದಲ್ಲಿ 15. ಈ ಲೆಕ್ಕ 2021ರಲ್ಲಿ ಅವರ ವಾಯು ನಿಯಮದ ಒಳಗೇ ಸೇರಿತು. 10 ಪ್ರತಿಶತ ಅಂದರೆ ವರ್ಷಕ್ಕೆ 876 ಗಂಟೆ. ನನ್ನನ್ನು ಕೇಳಿದರೆ ಅದೂ ಜಾಸ್ತಿಯೇ. ಆದರೆ ನೋಡಿ, ಜಗಳ ಆಡೋಕೆ ಒಂದು ಅಂಕಿಯಾದರೂ ಇದೆ! ನಮಗೆ ಇರುವುದು “ಕಂಡುಬಂದಿರುವುದಿಲ್ಲ” ಮಾತ್ರ.

ಅಷ್ಟು ದೊಡ್ಡ ಏರ್ಪಾಡು ಈಗಲೇ ಆಗಲ್ಲ ಅಂದರೆ ಕೈಯಲ್ಲಿ ಹಿಡಿಯುವ ಆಲ್ಫ್ಯಾಕ್ಟೋಮೀಟರ್ ಇದೆ. ಮೂಗಿಗೆ ಹಿಡಿದುಕೊಳ್ಳುವ ಕೊಳವೆಯಂಥ ಸಾಧನ. ಇದ್ದಿಲಿನ ಫಿಲ್ಟರಿನಿಂದ ಬಂದ ಶುದ್ಧ ಗಾಳಿಯ ಜೊತೆ ಹೊರಗಿನ ಗಾಳಿಯನ್ನು ಇಂತಿಷ್ಟು ಪಾಲು ಬೆರೆಸಿ ಕೊಡುತ್ತದೆ. ಅಮೆರಿಕದ ಕೊಲೊರಾಡೊ ರಾಜ್ಯದ ನಿಯಮದಲ್ಲಿ ಮನೆಗಳಿರುವ ಕಡೆ 7 ಪಾಲು ಶುದ್ಧ ಗಾಳಿ ಬೆರೆಸಿದ ಮೇಲೂ ವಾಸನೆ ಬಂದರೆ ತಪ್ಪು. ಒಬ್ಬ ಇನ್‌ಸ್ಪೆಕ್ಟರ್, ಒಂದು ಸಾಧನ, ಒಂದು ರಾತ್ರಿ ಡ್ಯೂಟಿ. ಇಷ್ಟು ಸಾಕು. ಅಂದಹಾಗೆ, ಒಂದೇ ಜಾಗದಲ್ಲಿ ಕಾಲು ಗಂಟೆ ನಿಂತರೆ ಮೂಗು ಒಗ್ಗಿಹೋಗುತ್ತದೆ. ಗೇಟಿನ ಕಾವಲುಗಾರನಿಗೆ ವಾಸನೆ ಗೊತ್ತಾಗದೇ ಇರುವುದು ಅದಕ್ಕೇ, ಅವನೇನೂ ಕಂಪನಿ ಪರ ಮಾತಾಡುತ್ತಿಲ್ಲ. ಈ ಸಾಧನದ ಒಂದು ಗುಣ ಅಂದರೆ ಎರಡು ಅಳತೆಯ ನಡುವೆ ಶುದ್ಧ ಗಾಳಿ ಕೊಟ್ಟು ಮೂಗಿಗೆ ವಿಶ್ರಾಂತಿ ಕೊಡುತ್ತದೆ.

ಎಲೆಕ್ಟ್ರಾನಿಕ್ ಮೂಗು ಮಾರುವವರು ನಿಮ್ಮ ಬಳಿ ಖಂಡಿತ ಬಂದಿರುತ್ತಾರೆ. 1982ರಲ್ಲಿ ಪರ್ಸೌಡ್ ಮತ್ತು ಡಾಡ್ ಅನ್ನುವ ಇಬ್ಬರು ಹಲವು ಸೆನ್ಸರ್‌ಗಳನ್ನು ಜೋಡಿಸಿ ಮೂಗಿನ ಹಾಗೆ ಕೆಲಸ ಮಾಡಿಸಿ ತೋರಿಸಿದರು. ಅಂದಿನಿಂದ ಅದು ಬಹಳ ಮುಂದುವರಿದಿದೆ. ನಾನು ಅದರ ವಿರೋಧಿಯಲ್ಲ. ರಾತ್ರಿ ಎರಡಕ್ಕೆ ಏನೋ ಬದಲಾಯಿತು ಅಂತ ಅದು ಎಬ್ಬಿಸಿದರೆ ದೊಡ್ಡ ಉಪಕಾರ. ಆದರೆ ಅದಕ್ಕೆ ವಾಸನೆ ಏನೆಂದು ಗೊತ್ತಿಲ್ಲ, ಕಲಿಸಬೇಕು. ಅದೇ ಕಾರ್ಖಾನೆಯ ಚೀಲಗಳನ್ನು ಮೊದಲು ಮನುಷ್ಯರ ಮೂಗಿಗೆ ಕೊಟ್ಟು, ಆ ಉತ್ತರವನ್ನು ಇದಕ್ಕೆ ಉಣಿಸಬೇಕು. ಗಾಳಿಯ ತೇವ, ಬಿಸಿ ಏರಿಳಿದರೆ ಅದರ ಲೆಕ್ಕ ತಪ್ಪುತ್ತದೆ, ಸೆನ್ಸರ್ ಹಳತಾದಂತೆ ಜಾರುತ್ತದೆ. ಡಬ್ಬಿಯಿಂದ ತೆಗೆದು ಕಂಬಕ್ಕೆ ನೇತುಹಾಕಿ ನೇರವಾಗಿ ಓಡರ್ ಯೂನಿಟ್ ತೋರಿಸುತ್ತದೆ ಅಂತ ಯಾರಾದರೂ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಇದಕ್ಕೆ ಪಾಠ ಹೇಳಿಕೊಟ್ಟ ಮೂಗು ಯಾರದ್ದು?

ಇನ್ನೊಂದು ದಾರಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಅದರಲ್ಲಿ ವಾಸನೆಯನ್ನು ಅಳೆಯುವ ಗೋಜೇ ಇಲ್ಲ. ಕೊಳೆತ ಮೊಟ್ಟೆಯ ವಾಸನೆ ಯಾಕೆ ಹುಟ್ಟುತ್ತದೆ? ಇಟಿಪಿ, ಅಂದರೆ ಕಾರ್ಖಾನೆಯ ಕೊಳಚೆ ನೀರು ಶುದ್ಧಮಾಡುವ ಘಟಕದ ತೊಟ್ಟಿಯ ನೀರಿಗೆ ಆಮ್ಲಜನಕ ಸಿಗದಿದ್ದಾಗ ಒಂದು ಬಗೆಯ ಬ್ಯಾಕ್ಟೀರಿಯಾ ಸಲ್ಫೇಟನ್ನು ಹಿಡಿದು ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ. ನೀರಿಗೆ ಗಾಳಿ ಊದಲು ಏರೇಟರ್ ಇರುತ್ತದೆ. ಅದು ಕರೆಂಟು ತಿನ್ನುವ ಯಂತ್ರ. ರಾತ್ರಿ ಅದನ್ನು ಆಫ್ ಮಾಡಿದರೆ ಉಳಿತಾಯ ಯಾರಿಗೆ, ನಾತ ಯಾರಿಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಮೋಟಾರಿಗೆ ಪ್ರತ್ಯೇಕ ಮೀಟರ್ ಹಾಕಿಸಿ, ಎಷ್ಟು ಗಂಟೆ ಓಡಿತು ಅಂತ ನಿಮ್ಮ ಕಂಪ್ಯೂಟರಿಗೆ ಬರುವ ಹಾಗೆ ಮಾಡಿ. ಹೊರಬಿಡುವ ಗಾಳಿಯನ್ನು ನೀರಿನಿಂದ ತೊಳೆಯುವ ಸ್ಕ್ರಬ್ಬರ್ ಇದ್ದರೆ ಅದರ ನೀರಿನ ಪಿಎಚ್ ಮತ್ತು ಪಂಪಿನ ಹರಿವು ನೋಡಿ. ಬಯೋಫಿಲ್ಟರ್ ಇದ್ದರೆ ಅದರ ಹಾಸು ಒದ್ದೆಯಾಗಿದೆಯೋ ಒಣಗಿದೆಯೋ ನೋಡಿ. ಒಣಗಿದ ಹಾಸಿನಲ್ಲಿ ವಾಸನೆ ತಿನ್ನುವ ಸೂಕ್ಷ್ಮಜೀವಿಗಳು ಬದುಕುವುದಿಲ್ಲ. ನಮ್ಮ ನೋಟ್‌ಬುಕ್ಕಿನ ಎರಡು ಗಂಟೆಯ ಸಾಲನ್ನು ಏರೇಟರಿನ ಎರಡು ಗಂಟೆಯ ಸಾಲಿನ ಪಕ್ಕ ಇಟ್ಟು ನೋಡಿ. ಅಷ್ಟಾದರೆ ಅರ್ಧ ತನಿಖೆ ಕುರ್ಚಿಯಲ್ಲೇ ಮುಗಿಯುತ್ತದೆ.

ಸುಗಂಧ ಸಿಂಪಡಿಸುವ ಫಾಗಿಂಗ್ ಯಂತ್ರಕ್ಕೆ ಮಾತ್ರ ದಯವಿಟ್ಟು ಅನುಮತಿ ಕೊಡಬೇಡಿ. ನಾತದ ಮೇಲೆ ನಿಂಬೆಯ ವಾಸನೆ ಬಳಿದರೆ ನಿಂಬೆ ನಾತ ಆಗುತ್ತದೆ, ಅಷ್ಟೇ. ಚೀಲದ ಪರೀಕ್ಷೆಯಲ್ಲಿ ಸುಗಂಧವೂ ವಾಸನೆಯೇ, ಯೂನಿಟ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ನಮ್ಮ ಕಡೆಯ ತಪ್ಪೂ ಇದೆ. ನಾವು ಬರೆಯುವ ದೂರುಗಳಲ್ಲಿ “ಗಬ್ಬು ನಾತ, ತಡೆಯಲು ಸಾಧ್ಯವಿಲ್ಲ, ತಕ್ಷಣ ಕ್ರಮ ಕೈಗೊಳ್ಳಿ” ಅಂತ ಇರುತ್ತದೆ. ಸಂಕಟ ಇದೆ, ಸುಳಿವು ಇಲ್ಲ. ನಮ್ಮ ಭಾಷೆಯಲ್ಲಿ ವಾಸನೆಗೆ ಎಷ್ಟೊಂದು ಮಾತಿದೆ! ಘಾಟು ಬೇರೆ, ಕಮಟು ಬೇರೆ. ಮುಗ್ಗಿದ್ದು ಬೇರೆ, ಹಳಸಿದ್ದು ಬೇರೆ, ಸೀದದ್ದು ಬೇರೆ. ಇವು ಬರೀ ಬೈಗುಳಗಳಲ್ಲ, ವಿಳಾಸಗಳು. ಕೊಳೆತ ಮೊಟ್ಟೆ ಅಂದರೆ ಹೈಡ್ರೋಜನ್ ಸಲ್ಫೈಡ್ ನೆನಪಾಗಬೇಕು. ಕೊಳೆತ ಎಲೆಕೋಸು ಅಂದರೆ ಮೀಥೈಲ್ ಮರ್ಕ್ಯಾಪ್ಟನ್. ಕಣ್ಣು ಮೂಗು ಉರಿಸುವ ಮೂತ್ರದ ಘಾಟು ಅಮೋನಿಯಾ. ಕೊಳೆತ ಮೀನು ಟ್ರೈಮೀಥೈಲ್ ಅಮೀನ್. ಹಳೇ ಬೆಣ್ಣೆಯ ಕಮಟು ಬ್ಯುಟಿರಿಕ್ ಆಮ್ಲ. ದೂರಿನ ಫಾರಂನಲ್ಲಿ “ದುರ್ವಾಸನೆ: ಹೌದು/ಇಲ್ಲ” ಅನ್ನುವ ಜಾಗದಲ್ಲಿ ಈ ಮಾತುಗಳನ್ನೇ ಅಚ್ಚುಹಾಕಿ, ನಾವು ಟಿಕ್ ಮಾಡುತ್ತೇವೆ. ಸೊನ್ನೆಯಿಂದ ಆರರವರೆಗೆ ಜೋರು, ಶುರುವಾದ ಗಂಟೆ, ಮುಗಿದ ಗಂಟೆ, ನಿಂತ ಜಾಗ. ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2016ರಲ್ಲಿ ಇದಕ್ಕೆಂದೇ ಒಂದು ಆ್ಯಪ್ ಮಾಡಿದರು. ಜನ ವಾಸನೆ ಬಂದ ಕ್ಷಣದಲ್ಲೇ ಗುರುತು ಹಾಕುತ್ತಾರೆ. ಅದು ನಕ್ಷೆಯ ಮೇಲೆ ಗಾಳಿಯ ದಿಕ್ಕಿನ ಜೊತೆ ಕಾಣುತ್ತದೆ, ಅಲ್ಲಿನ ಆರೋಗ್ಯ ಇಲಾಖೆಗೂ ಹೋಗುತ್ತದೆ. ಒಬ್ಬನ ದೂರು ಗೊಣಗಾಟ ಅನ್ನಿಸಬಹುದು. ಒಂದೇ ಅರ್ಧ ಗಂಟೆಯಲ್ಲಿ, ಗಾಳಿ ಹೋಗುವ ದಾರಿಯಲ್ಲೇ, ನಲವತ್ತು ಮನೆಯವರು ಒಂದೇ ಮಾತಿಗೆ ಟಿಕ್ ಹಾಕಿದರೆ ಅದು ಅಳತೆ.

ಈ ಗಾಳಿಯ ದಿಕ್ಕಿನ ಪಾಠ ನಾನು ಕಲಿತದ್ದು ಮರ್ಯಾದೆ ಕಳಕೊಂಡು. ಒಂದು ಸಂಜೆ ಮನೆ ತುಂಬ ಕೊಳೆತ ವಾಸನೆ. ನೇರ ಕಾರ್ಖಾನೆಗೆ ಫೋನ್ ಮಾಡಿ ರೇಗಿದೆ. ಆ ಕಡೆಯವರು ಸಮಾಧಾನವಾಗಿ “ಸಾರ್, ಈಗ ಗಾಳಿ ನಿಮ್ಮ ಕಡೆಯಿಂದ ನಮ್ಮ ಕಡೆಗಿದೆ” ಅಂದರು. ಮಹಡಿಗೆ ಹೋಗಿ ನೋಡಿದರೆ ಹೌದು. ಆಮೇಲೆ ಹುಡುಕಿದಾಗ ಸಿಕ್ಕಿದ್ದು ನಮ್ಮದೇ ಹಿಂದಿನ ಚರಂಡಿ, ಕಸ ಕಟ್ಟಿಕೊಂಡು ನಿಂತಿತ್ತು. ಮರುದಿನವೇ ಕಂಬಿಗೆ ಟೇಪು ಕಟ್ಟಿದೆ. ಆ ಫೋನ್ ಕರೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ, ಹೊಡೆದುಹಾಕಿಲ್ಲ. ಟೇಪು ಕಟ್ಟಿದ ಮೇಲೆ ಕಾರ್ಖಾನೆಯ ಮೇಲೆ ಅಂಥ ಸುಳ್ಳು ಆರೋಪ ಹೊರಿಸುವುದು ತಪ್ಪಿತು, ನಿಜವಾದ ಆರೋಪಗಳಿಗೆ ತೂಕ ಬಂತು. ನೀವು ಕಾರ್ಖಾನೆಯ ಆವರಣದಲ್ಲಿ ಹತ್ತು ಮೀಟರ್ ಎತ್ತರದ ಕಂಬ ನೆಟ್ಟು ಸರಿಯಾದ ಗಾಳಿಮಾಪಕ ಹಾಕಿಸಿದರೆ ನನ್ನ ಟೇಪು ಬಿಚ್ಚಿಬಿಡುತ್ತೇನೆ.

ಆದ್ದರಿಂದ ಮುಂದಿನ ಸಲ ವರದಿ ಬರೆಯುವಾಗ ಆ ಸಾಲನ್ನು ಹೀಗೆ ಬರೆಯಿರಿ ಅಂತ ವಿನಂತಿ: ಇಂಥ ತಾರೀಕು, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ, ಗಾಳಿ ಇಂಥ ಕಡೆಯಿಂದ ಇಂಥ ಕಡೆಗೆ ಇಷ್ಟು ವೇಗದಲ್ಲಿ ಇದ್ದಾಗ, ಇಂಥ ಜಾಗದಲ್ಲಿ ಇಷ್ಟು ನಿಮಿಷ ನಿಂತು, ಇಷ್ಟು ಸಲ ಮೂಗೆಳೆದಾಗ ಇಷ್ಟು ಸಲ ವಾಸನೆ ಬಂತು, ಇಷ್ಟು ಸಲ ಬರಲಿಲ್ಲ. ಬರಲಿಲ್ಲ ಅಂತಲೇ ಬರೆಯಿರಿ, ಬೇಸರವಿಲ್ಲ. ಯಾವಾಗ ಬರಲಿಲ್ಲ ಅನ್ನುವುದು ಸಿಕ್ಕರೆ ಯಾವಾಗ ಬರುತ್ತದೆ ಅಂತ ಹುಡುಕುವುದು ಸುಲಭ. ಒಮ್ಮೆ ರಾತ್ರಿ ಬನ್ನಿ. ಮೊದಲೇ ಕಾರ್ಖಾನೆಗೆ ಫೋನ್ ಮಾಡದೆ ಬನ್ನಿ. ನಮಗೂ ಹೇಳಬೇಡಿ. ಸುಮ್ನೆ ಬಂದು ಗಾಳಿ ಹೋಗುವ ದಿಕ್ಕಿನಲ್ಲಿ ನಿಂತುಕೊಳ್ಳಿ. ನಮ್ಮಲ್ಲಿ ಹತ್ತು ಜನ ಬ್ಯೂಟನಾಲ್ ಪರೀಕ್ಷೆಗೆ ಮೂಗು ಕೊಡಲು ತಯಾರಿದ್ದೇವೆ. ಕಾರ್ಖಾನೆಯವರೂ ಹತ್ತು ಜನರನ್ನು ಕಳಿಸಲಿ. ಚುರುಕಿನವರನ್ನೂ ಮೊಂಡಿನವರನ್ನೂ ತೆಗೆದುಹಾಕಿ, ಉಳಿದವರನ್ನು ಜೋಡಿ ಜೋಡಿಯಾಗಿ ನಿಲ್ಲಿಸಿ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಗಂಟೆ 11.40. ಆಕಾಶ ತಿಳಿಯಾಗಿದೆ. ಟಾರ್ಚ್ ಹಿಡಿದು ಮಹಡಿಗೆ ಹೋಗಿ ಬಂದೆ. ಟೇಪು ಹೆಚ್ಚುಕಮ್ಮಿ ಜೋತುಬಿದ್ದಿದೆ, ತುದಿ ಮಾತ್ರ ಆಗಾಗ ನಮ್ಮ ಕಡೆಗೆ ಅಲುಗುತ್ತಿದೆ. ಈ ರಾತ್ರಿಯ ಸಾಲು: 11.42, ಕೊಳೆತ ಎಲೆಕೋಸು, ಜೋರು 3, ಶುರುವಾಗಿದೆ.

ಇಂತಿ,
ಗಾಳಿ ಹೋಗುವ ದಿಕ್ಕಿನಲ್ಲಿರುವ ಒಬ್ಬ ನಿವಾಸಿ